2022ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ಮಹಿಳಾ ರಗ್ಬಿ ತಂಡ ಗೆದ್ದಿದ್ದು ಎದುರಾಳಿಗೆ ರೆಡ್ ಕಾರ್ಡ್ ಸಿಕ್ಕಿದ್ದರಿಂದಲೇ?

2022ರ ವಿಶ್ವಕಪ್ ಫೈನಲ್‌ನ ತುಣುಕುಗಳನ್ನು ಯೂಟ್ಯೂಬಿನಲ್ಲಿ ನೋಡಿದ್ದಾಗಿ ಬರೆದಿದ್ದೀರಿ. ಇಂಗ್ಲೆಂಡಿನ ಆಟಗಾರ್ತಿಯನ್ನು 18ನೇ ನಿಮಿಷಕ್ಕೇ ಮೈದಾನದಿಂದ ಹೊರಗೆ ಕಳುಹಿಸಿದರು, ಹದಿನೈದು ಜನ ಸೇರಿ ಹದಿನಾಲ್ಕು ಜನರನ್ನು ಮೂರು ಅಂಕಗಳಿಂದ ಸೋಲಿಸಿದ್ದನ್ನು ಇಷ್ಟೊಂದು ಹೊಗಳುವುದೇಕೆ ಎಂಬುದು ನಿಮ್ಮ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅಂದು ನಾನು ಆಕ್ಲೆಂಡಿನ ಈಡನ್ ಪಾರ್ಕ್‌ನಲ್ಲಿ ಮಗಳ ಜೊತೆ ಕುಳಿತಿದ್ದೆ. ಸಾಗರದಲ್ಲಿ ಹುಟ್ಟಿ ಬೆಳೆದ ನಾನು ಇಲ್ಲಿಗೆ ಬಂದು ಹತ್ತು ವರ್ಷಗಳ ಮೇಲಾಯಿತು. ಆ ತಂಡದ ಮೇಲೆ ನನಗೆ ಪ್ರೀತಿಯಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೂ ಆದಷ್ಟು ಪಕ್ಷಪಾತವಿಲ್ಲದೆ ಉತ್ತರಿಸುತ್ತೇನೆ.

ಮೊದಲು ಒಪ್ಪಿಕೊಳ್ಳಬೇಕಾದದ್ದನ್ನು ಒಪ್ಪಿಕೊಳ್ಳೋಣ. ಆ ಕಾರ್ಡ್‌ನಿಂದ ಪಂದ್ಯ ಬದಲಾಯಿತು. ಅದಕ್ಕೆ ಮುಂಚೆ ಇಂಗ್ಲೆಂಡ್ 14-0 ಮುಂದಿತ್ತು. ರೆಡ್ ರೋಸಸ್ ಎಂದು ಕರೆಯುವ ಆ ತಂಡ ಅಲ್ಲಿಯವರೆಗೆ ಸತತ 30 ಪಂದ್ಯ ಗೆದ್ದು ಬಂದಿತ್ತು. ಮೊದಲ ಕಾಲು ಗಂಟೆ ಅವರು ಆಡಿದ ರೀತಿ ನೋಡಿ ನನ್ನ ಹಿಂದಿನ ಸಾಲಿನಲ್ಲಿ ಕುಳಿತಿದ್ದವರೆಲ್ಲ ಮಾತು ನಿಲ್ಲಿಸಿಬಿಟ್ಟಿದ್ದರು. ಆಗ ಇಂಗ್ಲೆಂಡಿನ ಲಿಡಿಯಾ ಥಾಂಪ್ಸನ್ ಎದುರಿನಿಂದ ಬಂದು ನ್ಯೂಜಿಲೆಂಡಿನ ಪೋರ್ಷಿಯಾ ವುಡ್‌ಮನ್ ಅವರನ್ನು ಹಿಡಿಯುವಾಗ ತಲೆಗೆ ತಲೆ ಬಡಿಯಿತು. ಥಾಂಪ್ಸನ್ ಬೇಕೆಂದು ಮಾಡಿದ್ದಲ್ಲ. ಆದರೆ ರಗ್ಬಿಯಲ್ಲಿ ತಲೆಗೆ ಪೆಟ್ಟು ಬೀಳುವ ಹಿಡಿತಕ್ಕೆ ಉದ್ದೇಶ ಕೇಳುವುದಿಲ್ಲ, ನೆಟ್ಟಗೆ ನಿಂತು ಹಿಡಿದರೆ ಹೊಣೆ ಹಿಡಿದವರದ್ದೇ. ರೆಫರಿ ಹಾಲಿ ಡೇವಿಡ್‌ಸನ್ ನಿಯಮದಂತೆ ರೆಡ್ ಕಾರ್ಡ್ ತೋರಿಸಿದರು. ಈಗ ಅನೇಕ ಟೂರ್ನಿಗಳಲ್ಲಿ ಇಪ್ಪತ್ತು ನಿಮಿಷಗಳ ನಂತರ ಬದಲಿ ಆಟಗಾರ್ತಿಯನ್ನು ಇಳಿಸಲು ಅವಕಾಶವಿದೆ, ಆಗ ಇರಲಿಲ್ಲ. ಹಾಗಾಗಿ ಇಂಗ್ಲೆಂಡ್ ಉಳಿದ 62 ನಿಮಿಷ ಒಬ್ಬರಿಲ್ಲದೆ ಆಡಿತು.

ಇದರ ಜೊತೆಗೆ ಎರಡು ಸಂಗತಿಗಳನ್ನು ನೆನಪಿಡಿ, ತುಣುಕುಗಳಲ್ಲಿ ಇವು ಎದ್ದು ಕಾಣುವುದಿಲ್ಲ. ವುಡ್‌ಮನ್ ಕೂಡ ಆ ಪೆಟ್ಟಿನ ನಂತರ ಮತ್ತೆ ಆಡಲಿಲ್ಲ. ವಿಶ್ವಕಪ್ ಇತಿಹಾಸದಲ್ಲಿ ಅತಿ ಹೆಚ್ಚು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿದ ದಾಖಲೆಯನ್ನು ಅದೇ ಟೂರ್ನಿಯಲ್ಲಿ ತಮ್ಮದಾಗಿಸಿಕೊಂಡಿದ್ದವರು ಅವರು. ಅಂದರೆ ನ್ಯೂಜಿಲೆಂಡ್ ತನ್ನ ಅತಿ ಅಪಾಯಕಾರಿ ಓಟಗಾರ್ತಿಯನ್ನು ಅದೇ ಕ್ಷಣದಲ್ಲಿ ಕಳೆದುಕೊಂಡಿತು. ಎರಡನೆಯದು, ಒಬ್ಬರು ಕಡಿಮೆಯಿದ್ದರೂ ಮಧ್ಯಂತರಕ್ಕೆ ಇಂಗ್ಲೆಂಡ್ 26-19 ಮುಂದಿತ್ತು. ದ್ವಿತೀಯಾರ್ಧದಲ್ಲಿ ಹಿಂದೆ ಬಿದ್ದ ಮೇಲೂ ಮತ್ತೆ 31-29 ಮುನ್ನಡೆ ಪಡೆಯಿತು. ಕಾರ್ಡ್ ಬಿದ್ದ ಕೂಡಲೇ ಪಂದ್ಯ ಮುಗಿದಿತ್ತು ಎನ್ನುವುದಾದರೆ ಈ ಅಂಕಗಳನ್ನು ಹೇಗೆ ವಿವರಿಸುತ್ತೀರಿ?

ಇದಕ್ಕೆ ಉತ್ತರ ‘ಮೋಲ್’ ಎಂಬ ಒಂದು ವಿದ್ಯೆಯಲ್ಲಿದೆ. ನೀವು ರಗ್ಬಿಗೆ ಹೊಸಬರು ಎಂದಿರುವುದರಿಂದ ಸ್ವಲ್ಪ ವಿವರಿಸುತ್ತೇನೆ. ಚೆಂಡು ಪಕ್ಕದ ಗೆರೆ ದಾಟಿ ಹೊರಗೆ ಹೋದಾಗ ಎರಡೂ ತಂಡದವರು ಎದುರುಬದುರು ಸಾಲಾಗಿ ನಿಲ್ಲುತ್ತಾರೆ. ಒಬ್ಬರು ಹೊರಗಿನಿಂದ ಸಾಲುಗಳ ನಡುವೆ ಚೆಂಡು ಎಸೆಯುತ್ತಾರೆ. ಸಾಲಿನಲ್ಲಿದ್ದ ಒಬ್ಬರನ್ನು ಜೊತೆಯವರು ತೊಡೆ ಹಿಡಿದು ಮೇಲಕ್ಕೆತ್ತುತ್ತಾರೆ, ಅವರು ಗಾಳಿಯಲ್ಲಿ ಚೆಂಡು ಹಿಡಿಯುತ್ತಾರೆ. ಇದು ಲೈನ್‌ಔಟ್. ಎದುರಾಳಿಯ ಗೆರೆಯಿಂದ ಐದು ಮೀಟರ್ ದೂರದಲ್ಲಿ ಇದು ನಡೆದರೆ, ಚೆಂಡು ಹಿಡಿದವರು ಕೆಳಗಿಳಿದ ತಕ್ಷಣ ಅವರ ತಂಡದ ಏಳೆಂಟು ಮಂದಿ ಸುತ್ತ ಅಂಟಿಕೊಂಡು ಒಂದೇ ಮೈಯಾಗಿ ಮುಂದಕ್ಕೆ ತಳ್ಳುತ್ತಾರೆ. ಕಬಡ್ಡಿಯಲ್ಲಿ ಸರಪಳಿ ಕಟ್ಟಿ ರೈಡರ್ ಅನ್ನು ಹಿಂದಕ್ಕೆ ಅದುಮುತ್ತಾರಲ್ಲ, ಅದನ್ನೇ ಮುಂದಕ್ಕೆ ಚಲಿಸುವ ಗೋಡೆಯಂತೆ ಊಹಿಸಿಕೊಳ್ಳಿ. ಅದು ಒಮ್ಮೆ ಉರುಳತೊಡಗಿದರೆ ನಿಯಮ ಮುರಿಯದೆ ತಡೆಯುವುದು ಬಹಳ ಕಷ್ಟ. ಹೊರಗೆ ಓಡುವ ವಿಂಗ್ ಆಟಗಾರ್ತಿ ಒಬ್ಬರು ಇಲ್ಲದಿದ್ದರೂ ಈ ಗೋಡೆಗೆ ಏನೂ ಆಗುವುದಿಲ್ಲ. ಇಂಗ್ಲೆಂಡ್ ಜಗತ್ತಿನಲ್ಲೇ ಶ್ರೇಷ್ಠವಾಗಿ ಮಾಡುತ್ತಿದ್ದ ಕೆಲಸ ಇದು. ಅಂದು ಅವರ ಹೂಕರ್, ಅಂದರೆ ಲೈನ್‌ಔಟ್‌ನಲ್ಲಿ ಚೆಂಡು ಎಸೆಯುವ ಆಟಗಾರ್ತಿ, ಏಮಿ ಕೋಕೇನ್ ಗಳಿಸಿದ ಮೂರು ಟ್ರೈಗಳೂ ಹೀಗೆ ಗೋಡೆಯ ಹಿಂದೆ ಚೆಂಡು ಅಪ್ಪಿಕೊಂಡು ಬಂದವು. ಈ ವಿದ್ಯೆಯನ್ನು ನೆನಪಿಟ್ಟುಕೊಳ್ಳಿ, ಕೊನೆಯ ನಿಮಿಷಕ್ಕೆ ಬೇಕಾಗುತ್ತದೆ.

ಅಲ್ಲಿಗೆ ಹೋಗುವ ಮೊದಲು ಒಂದು ವರ್ಷ ಹಿಂದಕ್ಕೆ ಹೋಗಲೇಬೇಕು. ಆ ತಂಡವನ್ನು ಜನ ಹೊಗಳುವುದಕ್ಕೆ ಕಪ್ಪಿಗಿಂತ ದೊಡ್ಡ ಕಾರಣ ಅಲ್ಲಿದೆ ಎಂದು ನಾನು ನಂಬಿದ್ದೇನೆ.

2021ರ ಅಕ್ಟೋಬರ್ ಕೊನೆಯಲ್ಲಿ, ಕೋವಿಡ್‌ನಿಂದಾಗಿ ಎರಡು ವರ್ಷ ಒಂದೂ ಅಂತರರಾಷ್ಟ್ರೀಯ ಪಂದ್ಯವಿಲ್ಲದೆ ಕುಳಿತಿದ್ದ ಬ್ಲ್ಯಾಕ್ ಫರ್ನ್ಸ್, ಅಂದರೆ ನ್ಯೂಜಿಲೆಂಡ್ ಮಹಿಳಾ ತಂಡ, ಯುರೋಪಿಗೆ ಹೋಯಿತು. ಇಂಗ್ಲೆಂಡ್ ವಿರುದ್ಧ 12-43, ಮರುವಾರ 15-56. ಫ್ರಾನ್ಸ್ ವಿರುದ್ಧ 13-38, ಆಮೇಲೆ 7-29. ನಾಲ್ಕಕ್ಕೆ ನಾಲ್ಕೂ ಸೋಲು. ಅದುವರೆಗೆ ಐದು ಬಾರಿ ವಿಶ್ವಕಪ್ ಗೆದ್ದಿದ್ದ ತಂಡ ಅದು. ಬೆಳಿಗ್ಗೆ ಎದ್ದು ಅಂಕಗಳನ್ನು ನೋಡಿ, ಇದು ಮುದ್ರಣದೋಷವೇ ಎಂದು ಮತ್ತೊಮ್ಮೆ ಓದಿದ್ದು ನೆನಪಿದೆ.

ಡಿಸೆಂಬರಿನಲ್ಲಿ ತಂಡದ ಹಿರಿಯ ಹೂಕರ್ ಟೆ ಕುರಾ ಙಾಟಾ-ಆಎರೆಂಗಮಾಟೆ ಇನ್‌ಸ್ಟಾಗ್ರಾಂನಲ್ಲಿ ಬರೆದರು. (ಒಂದನೇ ತರಗತಿಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಎಲ್ಲಿಯೂ ಬಳಸದ ನಮ್ಮ ‘ಙ’ ಅಕ್ಷರ ಇಲ್ಲಿಯ ಮೂಲನಿವಾಸಿಗಳಾದ ಮಾವೋರಿಗಳ ಹೆಸರುಗಳನ್ನು ಬರೆಯಲು ಬೇಕೇ ಬೇಕು. ಇಲ್ಲಿಗೆ ಬಂದ ಮೇಲೆ ನನಗೆ ಸಿಕ್ಕ ಸಣ್ಣ ಸಂತೋಷಗಳಲ್ಲಿ ಇದೂ ಒಂದು.) ಪ್ರವಾಸದ ವೇಳೆ ತಮ್ಮ ಮನಸ್ಸು ಕುಸಿದದ್ದನ್ನು, ತರಬೇತುದಾರರ ಮಾತುಗಳಿಂದ ವರ್ಷಗಳ ಕಾಲ ತಮ್ಮ ಆತ್ಮವಿಶ್ವಾಸ ಕರಗಿಹೋದದ್ದನ್ನು ಅವರು ಬಚ್ಚಿಡದೆ ಹೇಳಿದರು. ತಂಡದಲ್ಲಿ ಇನ್ನೂ ಆಡಬೇಕೆನ್ನುವ ಆಟಗಾರ್ತಿ ಹೀಗೆ ಹೆಸರು ಹಾಕಿ ಬರೆಯಲು ಎಷ್ಟು ಧೈರ್ಯ ಬೇಕೆಂದು ಯೋಚಿಸಿ ನೋಡಿ. ನ್ಯೂಜಿಲೆಂಡ್ ರಗ್ಬಿ ಸಂಸ್ಥೆ ಸ್ವತಂತ್ರ ಪರಿಶೀಲನೆ ನಡೆಸಿತು. ಆಟಗಾರ್ತಿಯರ ನೋವು ನಿಜವೆಂದು ವರದಿ ಬಂತು. 2022ರ ಏಪ್ರಿಲ್‌ನಲ್ಲಿ ಮುಖ್ಯ ತರಬೇತುದಾರರು ರಾಜೀನಾಮೆ ಕೊಟ್ಟರು. ವಿಶ್ವಕಪ್‌ಗೆ ಆಗ ಉಳಿದಿದ್ದದ್ದು ಆರು ತಿಂಗಳು.

ಆ ಜಾಗಕ್ಕೆ ಬಂದವರು ವೇಯ್ನ್ ಸ್ಮಿತ್. ಪುರುಷರ ತಂಡ 2011 ಮತ್ತು 2015ರಲ್ಲಿ ವಿಶ್ವಕಪ್ ಗೆದ್ದಾಗ ಸಹಾಯಕ ತರಬೇತುದಾರರಾಗಿದ್ದ, ಇಲ್ಲಿಯ ಜನ ‘ಪ್ರೊಫೆಸರ್’ ಎಂದು ಕರೆಯುವ ಹಿರಿಯರು. ಜೊತೆಗೆ 2011ರ ಮುಖ್ಯ ತರಬೇತುದಾರ ಗ್ರಹಾಂ ಹೆನ್ರಿ, ಸ್ಕ್ರಮ್ (ಎರಡೂ ತಂಡದವರು ತಲೆ ತಗ್ಗಿಸಿ, ಗುಂಪಾಗಿ ಒಬ್ಬರನ್ನೊಬ್ಬರು ತಳ್ಳಿ ಚೆಂಡಿಗೆ ಸೆಣಸುವುದು) ವಿಷಯದಲ್ಲಿ ಪಂಡಿತರೆನಿಸಿದ ಮೈಕ್ ಕ್ರಾನ್. ಗೋಡೆಗೆ ಗೋಡೆ ಕಟ್ಟಿ ಇಂಗ್ಲೆಂಡನ್ನು ಆರು ತಿಂಗಳಲ್ಲಿ ಮೀರಿಸಲಾಗದು ಎಂಬುದು ಇವರಿಗೆ ಗೊತ್ತಿತ್ತು. ಹಾಗಾಗಿ ಓಡುವ ಆಟವನ್ನು ಆರಿಸಿಕೊಂಡರು: ಎಲ್ಲಿ ಚೆಂಡು ಸಿಕ್ಕರೂ ಅಲ್ಲಿಂದಲೇ ದಾಳಿ, ಹಿಡಿತಕ್ಕೆ ಸಿಕ್ಕಿ ಬೀಳುವ ಮೊದಲೇ ಪಕ್ಕದವರಿಗೆ ಚೆಂಡು, ಎದುರಾಳಿಗೆ ಉಸಿರಾಡಲು ಬಿಡುವಿಲ್ಲದ ವೇಗ. ತಪ್ಪುಗಳಾಗುತ್ತವೆ, ಆಗಲಿ ಎಂಬ ಒಪ್ಪಂದದ ಆಟ ಇದು. ಒಂದು ವರ್ಷದ ಹಿಂದೆ ತಪ್ಪು ಮಾಡಲು ಹೆದರುತ್ತಿದ್ದ ತಂಡಕ್ಕೆ ಇದಕ್ಕಿಂತ ಒಳ್ಳೆಯ ಔಷಧ ಇರಲಾರದು.

ಹಾಗೆಂದು ಎಲ್ಲವೂ ಸಲೀಸಾಗಲಿಲ್ಲ. ವಿಶ್ವಕಪ್‌ನ ತಮ್ಮ ಮೊದಲ ಪಂದ್ಯದಲ್ಲಿ ಆಸ್ಟ್ರೇಲಿಯಾ ಎದುರು 0-17 ಹಿಂದೆ ಬಿದ್ದು ಕೊನೆಗೆ 41-17 ಗೆದ್ದರು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ಎದುರು 25-24. ಕೊನೆಯ ನಿಮಿಷಗಳಲ್ಲಿ ಫ್ರಾನ್ಸಿನ ಕರೊಲಿನ್ ಡ್ರುವಾ ಒದ್ದ ಪೆನಾಲ್ಟಿ ಕಂಬಗಳ ಪಕ್ಕದಿಂದ ಹೋಯಿತು. ನೀವು ಅದೃಷ್ಟದ ಮಾತೆತ್ತುವುದಾದರೆ ಫೈನಲ್‌ಗಿಂತ ಈ ಪಂದ್ಯವನ್ನು ಹಿಡಿದು ವಾದಿಸಿ, ನಾನು ಒಪ್ಪುತ್ತೇನೆ. ಆ ಒದೆತ ಒಳಗೆ ಹೋಗಿದ್ದರೆ ನಾವು ಈ ಪ್ರಶ್ನೆಯನ್ನೇ ಚರ್ಚಿಸುತ್ತಿರಲಿಲ್ಲ.

ನವೆಂಬರ್ 12, ಶನಿವಾರ. ಕಿಂಗ್ಸ್‌ಲ್ಯಾಂಡ್ ನಿಲ್ದಾಣದಲ್ಲಿ ರೈಲು ಇಳಿದಾಗ ನಡೆಯಲು ಜಾಗವಿರಲಿಲ್ಲ. ಕ್ರೀಡಾಂಗಣದಲ್ಲಿ 42,579 ಜನ, ಮಹಿಳಾ ರಗ್ಬಿ ಪಂದ್ಯವೊಂದಕ್ಕೆ ಅಲ್ಲಿಯವರೆಗೆ ಸೇರಿದ್ದ ಅತಿ ದೊಡ್ಡ ಜನಸಂದಣಿ. ಅಜ್ಜಿಯರು, ಕೈಗೂಸುಗಳು, ತಮ್ಮ ಕ್ಲಬ್ಬಿನ ಅಂಗಿ ತೊಟ್ಟ ಹುಡುಗಿಯರ ದಂಡು. ನನ್ನ ಮಗಳಿಗೆ ಆಗ ಹತ್ತು ವರ್ಷ. ಶಾಲೆಯಲ್ಲಿ ರಿಪ್ಪ ರಗ್ಬಿ ಆಡುತ್ತಿದ್ದಳು. ಅದರಲ್ಲಿ ಮಕ್ಕಳು ಒಬ್ಬರನ್ನೊಬ್ಬರು ಬೀಳಿಸುವುದಿಲ್ಲ, ಸೊಂಟದ ಪಟ್ಟಿಗೆ ಅಂಟಿಸಿದ ಬಟ್ಟೆಯ ಪಟ್ಟಿಯನ್ನು ಕಿತ್ತರೆ ಹಿಡಿದಂತೆ. ಹಾಗಾಗಿ ಅವಳಿಗೆ ನನಗಿಂತ ಚೆನ್ನಾಗಿ ಆಟ ಗೊತ್ತಿತ್ತು. ಪಕ್ಕದಲ್ಲಿ ಕುಳಿತು ನನಗೆ ಪಿಸುಗುಟ್ಟುತ್ತ ವಿವರಿಸುತ್ತಿದ್ದಳು.

31-29ಕ್ಕೆ ಹಿಂದೆ ಬಿದ್ದು, ಇನ್ನು ಹತ್ತು ನಿಮಿಷವೂ ಇಲ್ಲ ಎನ್ನುವಾಗ ಬಂದ ಟ್ರೈ ಅನ್ನು ನೀವು ನೋಡಿರುತ್ತೀರಿ. ಥೆರೀಸಾ ಫಿಟ್ಜ್‌ಪ್ಯಾಟ್ರಿಕ್ ರಕ್ಷಣಾ ಸಾಲಿನ ಹಿಂದಕ್ಕೆ ಒಂದು ಪುಟ್ಟ ಒದೆತ ಕೊಟ್ಟರು. ಸ್ಟೇಸಿ ಫ್ಲೂಲರ್ ಓಡಿ ಚೆಂಡು ಬಾಚಿಕೊಂಡು, ಹಿಡಿತಕ್ಕೆ ಸಿಕ್ಕಿ ಬೀಳುತ್ತಲೇ ಆಯೇಷಾ ಲೆಟಿ-ಇಇಗಾ ಅವರಿಗೆ ದಾಟಿಸಿದರು. ಅವರು ಮೂಲೆಯಲ್ಲಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರು. 34-31. ಲೆಕ್ಕ ನೋಡಿದರೆ ನ್ಯೂಜಿಲೆಂಡಿನದು ಆರು ಟ್ರೈ, ಇಂಗ್ಲೆಂಡಿನದು ಐದು. ಇಲ್ಲಿ ಹೊರಗಿನ ಒಬ್ಬರು ಕಡಿಮೆಯಿದ್ದದ್ದು ಇಂಗ್ಲೆಂಡಿಗೆ ಖಂಡಿತ ಕಾಡಿತು. ಆದರೆ ಆ ಖಾಲಿ ಜಾಗವನ್ನು ಕಂಡು, ವಿಶ್ವಕಪ್ ಫೈನಲ್‌ನ ಕೊನೆಯ ನಿಮಿಷಗಳಲ್ಲಿ ಅಷ್ಟು ಧೈರ್ಯದ ಮೂರು ಕೆಲಸಗಳನ್ನು ಒಂದರ ಹಿಂದೆ ಒಂದು ಮಾಡುವುದನ್ನು ಕಾರ್ಡ್ ಕಲಿಸುವುದಿಲ್ಲ.

ಆಮೇಲೆ ಬಂತು ಆ ಗಳಿಗೆ. ಸಮಯ ಮುಗಿದಿದೆ, ಚೆಂಡು ಸತ್ತರೆ ಪಂದ್ಯ ಮುಗಿಯುತ್ತದೆ. ಇಂಗ್ಲೆಂಡಿಗೆ ಪೆನಾಲ್ಟಿ ಸಿಕ್ಕಿತು, ಮೂಲೆಗೆ ಒದ್ದರು. ನ್ಯೂಜಿಲೆಂಡಿನ ಗೆರೆಯ ಹತ್ತಿರ ಇಂಗ್ಲೆಂಡಿನ ಲೈನ್‌ಔಟ್. ಅದೇ ಮೋಲ್, ಅದೇ ಗೋಡೆ. ಕ್ರೀಡಾಂಗಣದಲ್ಲಿದ್ದ ಎಲ್ಲರಿಗೂ ಏನಾಗಲಿದೆ ಎಂದು ಗೊತ್ತಿತ್ತು. ಮಗಳು ನನ್ನ ಮುಂಗೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಮರುದಿನವೂ ಇತ್ತು.

ರಕ್ಷಿಸುವ ತಂಡಕ್ಕೆ ಆಗ ಎರಡು ದಾರಿ. ನೆಲದ ಮೇಲೇ ಗಟ್ಟಿಯಾಗಿ ನಿಂತು, ಗೋಡೆ ಕಟ್ಟಲು ಬಿಟ್ಟು, ಎಲ್ಲರೂ ಸೇರಿ ಎದುರು ತಳ್ಳುವುದು ಒಂದು. ತಾವೂ ಒಬ್ಬರನ್ನು ಮೇಲಕ್ಕೆತ್ತಿ ಗಾಳಿಯಲ್ಲೇ ಚೆಂಡು ಕಸಿಯಲು ಯತ್ನಿಸುವುದು ಇನ್ನೊಂದು. ಎರಡನೆಯದರಲ್ಲಿ ಲೆಕ್ಕ ತಪ್ಪಿದರೆ, ಎತ್ತಿದವರೂ ಎತ್ತಿಸಿಕೊಂಡವರೂ ನೆಲಕ್ಕೆ ಮರಳುವಷ್ಟರಲ್ಲಿ ಗೋಡೆ ಉರುಳಿ ಆಗಿರುತ್ತದೆ. ಅವರು ಎರಡನೆಯದನ್ನೇ ಆರಿಸಿಕೊಂಡರು. ಜೊವಾನಾ ಙಾನ್-ವೂ ಮೇಲೆದ್ದರು, ಅವರ ಕೈ ಚೆಂಡಿಗೆ ತಾಗಿತು, ಇಂಗ್ಲೆಂಡಿಗೆ ಚೆಂಡು ದಕ್ಕಲಿಲ್ಲ. ಪಂದ್ಯ ಮುಗಿಯಿತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಆ ಒಂದು ಜಿಗಿತದಲ್ಲಿದೆ. ಲೈನ್‌ಔಟ್‌ನಲ್ಲಿ ಇಂಗ್ಲೆಂಡಿಗೆ ಯಾರೂ ಕಡಿಮೆ ಇರಲಿಲ್ಲ. ಅವರ ಅತ್ಯುತ್ತಮ ಅಸ್ತ್ರ ಪೂರ್ಣ ಬಲದಲ್ಲಿತ್ತು, ಅದನ್ನು ಎದುರಿಸಿ ಗೆದ್ದರು. ಒಂದು ವರ್ಷದ ಹಿಂದಿನ ತಂಡ ಆ ಗಳಿಗೆಯಲ್ಲಿ ನೆಲದ ಮೇಲೆಯೇ ನಿಲ್ಲುತ್ತಿತ್ತು ಎಂಬುದು ನನ್ನ ಅನಿಸಿಕೆ.

ಪಂದ್ಯದ ನಂತರ ನ್ಯೂಜಿಲೆಂಡ್ ಆಟಗಾರ್ತಿ ರೂಬಿ ಟುಯಿ ಮೈಕ್ ಹಿಡಿದು, ಇಲ್ಲಿಯ ಮಕ್ಕಳೆಲ್ಲ ಶಾಲೆಯಲ್ಲಿ ಕಲಿಯುವ ಒಂದು ಮಾವೋರಿ ಹಾಡನ್ನು ಶುರು ಮಾಡಿದರು. ಇಡೀ ಕ್ರೀಡಾಂಗಣ ಹಾಡಿತು. ಮಗಳೂ ಹಾಡಿದಳು. ನನಗೆ ಪದಗಳು ಬರುತ್ತಿರಲಿಲ್ಲ, ಸುಮ್ಮನೆ ಅಳುತ್ತ ನಿಂತಿದ್ದೆ. ನಾನು ಒಂಬತ್ತನೇ ತರಗತಿಯವರೆಗೆ ತಾಲ್ಲೂಕು ಮಟ್ಟದಲ್ಲಿ ಖೊಖೊ ಆಡಿದವಳು. ‘ಇನ್ನು ಸಾಕು, ದೊಡ್ಡವಳಾದೆ’ ಎಂದು ಮನೆಯಲ್ಲಿ ಹೇಳಿದ ದಿನ ಬೂಟನ್ನು ಅಟ್ಟಕ್ಕೆ ಹಾಕಿದ್ದೆ. ಅಂದು ಅಷ್ಟು ಜನ ಹೆಂಗಸರ ಆಟಕ್ಕೆ ದುಡ್ಡು ಕೊಟ್ಟು ಬಂದು ಎದ್ದು ನಿಂತದ್ದನ್ನು ನೋಡಿದಾಗ ಆ ಅಟ್ಟ ನೆನಪಾಯಿತು.

ಇನ್ನೊಂದು ಮಾತು, ಇಂಗ್ಲೆಂಡಿನ ಪರವಾಗಿ. ಅವರನ್ನು ದುರದೃಷ್ಟದ ತಂಡವೆಂದಷ್ಟೇ ನೋಡಬೇಡಿ. 1991ರಲ್ಲಿ ವೇಲ್ಸ್‌ನಲ್ಲಿ ಮೊದಲ ಮಹಿಳಾ ವಿಶ್ವಕಪ್ ನಡೆದಾಗ ಅಂತರರಾಷ್ಟ್ರೀಯ ಮಂಡಳಿಯ ಮಾನ್ಯತೆಯೇ ಇರಲಿಲ್ಲ. ಬಂದ ಹನ್ನೆರಡು ತಂಡಗಳಲ್ಲಿ ಸೋವಿಯತ್ ತಂಡದವರು ಕೈಯಲ್ಲಿ ಕಾಸಿಲ್ಲದೆ, ಖರ್ಚಿಗಾಗಿ ಮಾರಲು ವೋಡ್ಕಾ ಹೊತ್ತು ತಂದಿದ್ದರು. ಅಲ್ಲಿಂದ 2019ರಲ್ಲಿ 28 ಆಟಗಾರ್ತಿಯರಿಗೆ ಪೂರ್ಣಾವಧಿ ಸಂಬಳದ ಒಪ್ಪಂದ ಕೊಡುವವರೆಗೆ ದಾರಿ ಮಾಡಿದವರು ಇಂಗ್ಲೆಂಡಿನವರೇ. ನ್ಯೂಜಿಲೆಂಡ್ 2018ರಲ್ಲಿ ಒಪ್ಪಂದ ಶುರು ಮಾಡಿದರೂ ಅದು ಪೂರ್ಣಾವಧಿಯದಾಗಿರಲಿಲ್ಲ. ಆ ಹೂಡಿಕೆಯ ಫಲ 2025ರಲ್ಲಿ ಸಿಕ್ಕಿತು. ಟ್ವಿಕನಮ್‌ನಲ್ಲಿ 81,885 ಜನರ ಎದುರು ಕೆನಡಾವನ್ನು 33-13ರಿಂದ ಸೋಲಿಸಿ ಕಪ್ ಎತ್ತಿದರು. ನಮ್ಮ ತಂಡವನ್ನು ಸೆಮಿಫೈನಲ್‌ನಲ್ಲೇ 34-19ರಿಂದ ಮನೆಗೆ ಕಳುಹಿಸಿದ್ದು ಅದೇ ಕೆನಡಾ. ಅಂದು ಯಾವ ಕಾರ್ಡಿನ ಮಾತೂ ಇರಲಿಲ್ಲ, ಕೆನಡಾ ಚೆನ್ನಾಗಿ ಆಡಿತು, ಅಷ್ಟೇ.

ತುಣುಕುಗಳನ್ನು ಬಿಟ್ಟು 2022ರ ಪೂರ್ತಿ ಪಂದ್ಯವನ್ನು ಒಮ್ಮೆ ನೋಡಿ. ಅಷ್ಟು ಸಮಯವಿಲ್ಲದಿದ್ದರೆ ಕೋಕೇನ್ ಅವರ ಮೂರು ಟ್ರೈಗಳನ್ನು ಮೊದಲು ನೋಡಿ, ಗೋಡೆ ಹೇಗೆ ಉರುಳುತ್ತದೆ ಎಂಬುದು ಕಣ್ಣಿಗೆ ಕೂರಲಿ. ಆಮೇಲೆ ಕೊನೆಯ ಲೈನ್‌ಔಟ್ ಹಾಕಿಕೊಂಡು, ಚೆಂಡನ್ನು ನೋಡದೆ ಕಪ್ಪು ಅಂಗಿಯ ಸಾಲಿನ ಕಾಲುಗಳನ್ನು ನೋಡಿ. ಯಾವ ಕ್ಷಣದಲ್ಲಿ ನೆಲ ಬಿಡುತ್ತಾರೆ ಎಂಬುದು ಕಾಣುತ್ತದೆ.