ಪ್ರಮಾಣಪತ್ರವಿದ್ದರೂ ತೇವಾಂಶದ ಅಂಕಿ ಏಕೆ ಹೊಂದುವುದಿಲ್ಲ?

ಪ್ರಶ್ನೆ: ಶಿರಸಿ ಸಮೀಪ ಕಾಳುಮೆಣಸನ್ನು ಸ್ವಚ್ಛಗೊಳಿಸಿ ಚೀಲ ತುಂಬುವ ಸಣ್ಣ ಘಟಕ ನಡೆಸುತ್ತಿದ್ದೇನೆ. ತೇವಾಂಶ ಶೇ 12 ದಾಟಿದರೆ ಖರೀದಿದಾರರು ಒಪ್ಪುವುದಿಲ್ಲ. ನಮ್ಮಲ್ಲಿ 11.6 ತೋರಿಸಿದ ಮಾಲು ಅವರ ಪ್ರಯೋಗಾಲಯದಲ್ಲಿ 12.3 ಬಂದು ವಾಪಸಾಯಿತು. ನಮ್ಮ ತೇವಾಂಶ ಮಾಪಕಕ್ಕೆ ಈ ವರ್ಷವೇ ಕ್ಯಾಲಿಬ್ರೇಷನ್ (ನಿಖರತೆಯ ತಪಾಸಣೆ) ಪ್ರಮಾಣಪತ್ರ ಪಡೆದಿದ್ದೇವೆ. ನಮ್ಮ ಇಬ್ಬರು ಕೆಲಸಗಾರರ ಅಳತೆಯೂ ಒಂದಕ್ಕೊಂದು ಹೊಂದುವುದಿಲ್ಲ. ಹೊಸ ಮಾಪಕ ಕೊಳ್ಳಬೇಕೇ?
— ಓದುಗರು, ಶಿರಸಿ

ಉತ್ತರ: ಈಗಲೇ ಕೊಳ್ಳಬೇಡಿ. ಪ್ರಯೋಗಾಲಯದ ಮೇಜಿನ ಮೇಲೆ, ಪಳಗಿದ ಕೈಯಲ್ಲಿ ಮಾಪಕ ಎಷ್ಟು ಸರಿಯಾಗಿತ್ತು ಎಂಬುದಷ್ಟನ್ನೇ ಪ್ರಮಾಣಪತ್ರ ಹೇಳುತ್ತದೆ. ಜುಲೈ ಮಳೆಯಲ್ಲಿ, ನಿಮ್ಮ ಗೋದಾಮಿನಲ್ಲಿ, ನಿಮ್ಮವರ ಕೈಯಲ್ಲಿ ಅದೇ ಮಾಪಕ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ನೀವೇ ಪರೀಕ್ಷಿಸಬೇಕು. ಚೀಲದಿಂದ ಮಾದರಿ ತೆಗೆಯುವುದು, ಬಟ್ಟಲು ತುಂಬುವುದು, ಕಾಳಿನ ಬಿಸಿ, ಅಂಕಿ ಓದುವ ವ್ಯಕ್ತಿ ಎಲ್ಲವೂ ಅಳತೆಯೊಳಗೇ ಸೇರುತ್ತವೆ.

ಮೊದಲು ಖರೀದಿದಾರರನ್ನು ಒಂದು ಮಾತು ಕೇಳಿ: ಅವರು ತೇವಾಂಶವನ್ನು ಯಾವ ವಿಧಾನದಲ್ಲಿ ಅಳೆಯುತ್ತಾರೆ? ಮೆಣಸಿನಲ್ಲಿ ಆವಿಯಾಗುವ ಸುಗಂಧ ತೈಲವಿದೆ. ಒಲೆಯಂತಹ ಓವನ್‌ನಲ್ಲಿ ಒಣಗಿಸಿ ತೂಕದ ಇಳಿಕೆ ನೋಡಿದರೆ ಹಾರಿಹೋದ ತೈಲವೂ ನೀರಿನ ಲೆಕ್ಕಕ್ಕೆ ಬೀಳುತ್ತದೆ, ಅಂಕಿ ಏರುತ್ತದೆ. ಈ ಕಾರಣಕ್ಕೇ ಸಂಬಾರ ಪದಾರ್ಥಗಳಿಗೆ ಟಾಲ್ವೀನ್ ಎಂಬ ದ್ರಾವಕ ಬಳಸಿ ಬಟ್ಟಿ ಇಳಿಸಿ, ಬೇರ್ಪಟ್ಟ ನೀರನ್ನಷ್ಟೇ ಅಳೆಯುವ ವಿಧಾನವಿದೆ. ನಿಮ್ಮ ಬಳಿ ಇರುವಂತಹ ಮಾಪಕಗಳು ಸಾಮಾನ್ಯವಾಗಿ ಕಾಳಿನ ವಿದ್ಯುತ್ ಗುಣದಿಂದ ತೇವಾಂಶವನ್ನು ಅಂದಾಜು ಮಾಡುತ್ತವೆ. ಮೂರು ವಿಧಾನಗಳ ಅಂಕಿಗಳನ್ನು ನೇರವಾಗಿ ಹೋಲಿಸಿ ಜಗಳವಾಡುವುದರಲ್ಲಿ ಅರ್ಥವಿಲ್ಲ. ಒಂದೇ ಮಾದರಿಯನ್ನು ಎರಡು ಭಾಗ ಮಾಡಿ, ಒಂದನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕಳುಹಿಸಿದರೆ ನಿಮ್ಮ ಮಾಪಕ ಯಾವ ಕಡೆಗೆ ವಾಲಿದೆ ಎಂಬುದು ತಿಳಿಯುತ್ತದೆ.

ಇನ್ನು ಇಬ್ಬರು ಕೆಲಸಗಾರರ ವಿಚಾರ. ಒಂದೇ ಕೈ ಮತ್ತೆ ಮತ್ತೆ ಅಳೆದಾಗ ಮತ್ತು ಕೈ ಬದಲಾದಾಗ ಅಂಕಿ ಎಷ್ಟು ಚದುರುತ್ತದೆ ಎಂದು ನೋಡುವ, ಗುಣಮಟ್ಟ ವಿಭಾಗದವರು ಗೇಜ್ ಆರ್ ಅಂಡ್ ಆರ್ ಎಂದು ಕರೆಯುವ ಪರೀಕ್ಷೆಯನ್ನು ನೀವೇ ಒಂದು ಮಧ್ಯಾಹ್ನದಲ್ಲಿ ಮಾಡಬಹುದು. ಬೇರೆಬೇರೆ ರೈತರಿಂದ ಬಂದ, ಒಣಗಿದ್ದೂ ಹಸಿಯಾಗಿದ್ದೂ ಸೇರಿರುವ 10 ಮಾದರಿಗಳನ್ನು ಆರಿಸಿ. ಒಂದೇ ಚೀಲದಿಂದ ಹತ್ತನ್ನೂ ತೆಗೆದರೆ ಪರೀಕ್ಷೆ ವ್ಯರ್ಥ. ಗಾಳಿಯಾಡದ ಬಾಟಲಿಗಳಲ್ಲಿ ಮುಚ್ಚಿಡಿ. ನಮ್ಮ ಮಳೆಗಾಲದಲ್ಲಿ ತೆರೆದಿಟ್ಟ ಮೆಣಸು ಪರೀಕ್ಷೆ ಮುಗಿಯುವಷ್ಟರಲ್ಲೇ ತೇವ ಹೀರಿರುತ್ತದೆ. ಬಾಟಲಿಗಳಿಗೆ ಗುಪ್ತ ಸಂಖ್ಯೆ ಕೊಟ್ಟು, ಕ್ರಮ ಕಲಸಿ, ಪ್ರತಿಯೊಬ್ಬರಿಂದಲೂ ಪ್ರತಿ ಮಾದರಿಯನ್ನು ಮೂರು ಬಾರಿ ಅಳೆಯಿಸಿ. ಹಿಂದಿನ ಅಂಕಿ ಅವರ ಕಣ್ಣಿಗೆ ಬೀಳಬಾರದು. ಗೊತ್ತಿದ್ದರೆ ಪ್ರಾಮಾಣಿಕರೂ ಅರಿವಿಲ್ಲದೆ ಅದರತ್ತ ವಾಲುತ್ತಾರೆ.

ಲೆಕ್ಕ ಹೀಗೆ. ಒಬ್ಬರು ಒಂದು ಮಾದರಿಗೆ ಪಡೆದ ಮೂರು ಅಳತೆಗಳ ಗರಿಷ್ಠದಿಂದ ಕನಿಷ್ಠವನ್ನು ಕಳೆಯಿರಿ. ಇಂತಹ ಎಲ್ಲ ಅಂತರಗಳ ಸರಾಸರಿ 0.34 ಎಂದುಕೊಳ್ಳೋಣ. ಅದನ್ನು 1.693ರಿಂದ (ಮೂರು ಅಳತೆಗಳಿಗೆ ಸಂಖ್ಯಾಶಾಸ್ತ್ರದ ಕೋಷ್ಟಕ ಕೊಡುವ ಸ್ಥಿರಾಂಕ) ಭಾಗಿಸಿದರೆ 0.2, ಒಂದೇ ಕೈಯಲ್ಲಿ ಬರುವ ಚದುರುವಿಕೆ ಇದು. ಇಬ್ಬರ ಒಟ್ಟು ಸರಾಸರಿಗಳ ನಡುವೆ 0.4 ವ್ಯತ್ಯಾಸವಿದ್ದರೆ ಅದನ್ನು 1.41ರಿಂದ (ಇಬ್ಬರಿಗೆ ಅಂತಹದ್ದೇ ಸ್ಥಿರಾಂಕ) ಭಾಗಿಸಿ, 0.28 ಸಿಗುತ್ತದೆ, ಕೈ ಬದಲಾದಾಗ ಬರುವ ಚದುರುವಿಕೆ ಇದು. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಸುಮಾರು 0.35. ಇಬ್ಬರೇ ಇರುವುದರಿಂದ ಇದು ಒರಟು ಅಂದಾಜು, ಆದರೂ ಸಾಕು.

ವಾಹನ ಉದ್ಯಮದಿಂದ ಬಂದ ರೂಢಿಯಂತೆ, ಅಳತೆಯ ಚದುರುವಿಕೆ (ಇಲ್ಲಿ 0.35) ಮಾದರಿಗಳ ನಡುವಿನ ವ್ಯತ್ಯಾಸವೂ ಸೇರಿದ ಒಟ್ಟು ಚದುರುವಿಕೆಯ ಶೇ 10ಕ್ಕಿಂತ ಕಡಿಮೆಯಿದ್ದರೆ ಉತ್ತಮ, 30 ದಾಟಿದರೆ ಒಪ್ಪಲಾಗದು. ನಿಮಗೆ ಆ ಶೇಕಡಾವಾರಿಗಿಂತ 0.2 ಮತ್ತು 0.28ರಲ್ಲಿ ಯಾವುದು ದೊಡ್ಡದು ಎಂಬುದೇ ಮುಖ್ಯ ಎಂದು ನನ್ನ ಅಭಿಪ್ರಾಯ. ಮೊದಲನೆಯದು ದೊಡ್ಡದಾದರೆ ಮಾಪಕವನ್ನೂ ಬಟ್ಟಲು ತುಂಬುವ ಬಗೆಯನ್ನೂ ನೋಡಿ. ಎರಡನೆಯದು ದೊಡ್ಡದಾದರೆ ಇಬ್ಬರೂ ಬೇರೆ ಬೇರೆ ರೀತಿ ಕೆಲಸ ಮಾಡುತ್ತಿದ್ದಾರೆ: ಒಬ್ಬರು ಬಟ್ಟಲನ್ನು ಕುಟ್ಟಿ ತುಂಬುತ್ತಿರಬಹುದು, ಇನ್ನೊಬ್ಬರು ಡ್ರೈಯರ್‌ನಿಂದ ಬಂದ ಬಿಸಿ ಕಾಳನ್ನೇ ಅಳೆಯುತ್ತಿರಬಹುದು. ಇದಕ್ಕೆ ಹೊಸ ಮಾಪಕ ಮದ್ದಲ್ಲ. ದಯವಿಟ್ಟು ಕೆಲಸಗಾರರನ್ನು ಗದರಬೇಡಿ. ತುಂಬುವ ವಿಧಾನವನ್ನು ಬರೆದು ಗೋಡೆಗೆ ಅಂಟಿಸಿ, ಮತ್ತೆ ಪರೀಕ್ಷಿಸಿ. ಮೆಣಸಿನ ಲೀಟರ್ ತೂಕಕ್ಕೂ (ಒಂದು ಲೀಟರ್ ಪಾತ್ರೆ ತುಂಬುವ ಕಾಳಿನ ತೂಕ) ಇದೇ ಮಾತು. 550 ಗ್ರಾಂ ದರ್ಜೆಯ ಅಂಚಿನಲ್ಲಿರುವ ಮಾಲು, ಪಾತ್ರೆಗೆ ಎಷ್ಟು ಎತ್ತರದಿಂದ ಸುರಿದಿರಿ ಎಂಬುದರ ಮೇಲೆ ದರ್ಜೆ ಗೆಲ್ಲಬಹುದು, ಸೋಲಬಹುದು.

ಬಾಟಲಿಯ ಪರೀಕ್ಷೆಯಲ್ಲಿ ಚೀಲದೊಳಗಿನ ವ್ಯತ್ಯಾಸ ಕಾಣುವುದಿಲ್ಲ. ಗೋಡೆಗೆ ತಾಗಿದ ಚೀಲದ ಅಂಚಿನ ಕಾಳು ನಡುವಿನ ಕಾಳಿಗಿಂತ ಹಸಿಯಾಗಿರಬಹುದು. ಚೀಲದ ಬಾಯಿಯಿಂದ ಒಂದು ಹಿಡಿ ತೆಗೆಯುವ ಬದಲು, ಚುಚ್ಚು ಕೊಳವೆಯಿಂದ ಮೇಲೆ, ನಡು, ತಳ ಮೂರೂ ಕಡೆ ತೆಗೆದು ಬೆರೆಸಿ.

ಇದೆಲ್ಲ ಸರಿಹೋಗುವವರೆಗೆ 0.35ರ ಎರಡು ಪಟ್ಟನ್ನು 12ರಿಂದ ಕಳೆದು, ನಿಮ್ಮ ಮಾಪಕದಲ್ಲಿ 11.3 ದಾಟಿದ ಮಾಲನ್ನು ಮತ್ತೆ ಒಣಗಿಸಿಯೇ ಕಳುಹಿಸಿ. ಮಾಪಕದ ವಾಲು ಗೊತ್ತಾದ ಮೇಲೆ ಅದನ್ನೂ ಸೇರಿಸಿಕೊಳ್ಳಿ. ಶೇ 12ರ ಬದಲು 11.3ಕ್ಕೆ ಒಣಗಿಸಿದರೆ ಕ್ವಿಂಟಲಿಗೆ ಸುಮಾರು 800 ಗ್ರಾಂ ತೂಕ ಇಳಿಯುತ್ತದೆ. ಅಳತೆ ಸುಧಾರಿಸಿದಷ್ಟೂ ಈ ನಷ್ಟ ಕಡಿಮೆಯಾಗುತ್ತದೆ.