ಇಪ್ಪತ್ತು ಟನ್ ಕಲ್ಲು ತನ್ನ ಭಾರಕ್ಕೇ ಕೂತಿರುತ್ತಾ?

ಪ್ರಶ್ನೆ: ನಮ್ಮದು ಡೆಂಕಣಿಕೋಟೆ ಹತ್ತಿರದ ಹಳ್ಳಿ. ವಯಸ್ಸು 24. ಸಣ್ಣ ಗಾಡಿಯಲ್ಲಿ ರಾಯಕೋಟೆಯಿಂದ ಬೆಂಗಳೂರಿಗೆ ಟೊಮೆಟೊ ಹೊಡೆಯುತ್ತೇನೆ. ಕೃಷ್ಣಗಿರಿಯಿಂದ ಚೆನ್ನೈ ಬಂದರಿಗೆ ಗ್ರಾನೈಟ್ ಬ್ಲಾಕ್ ಸಾಗಿಸುವ ಟ್ರೈಲರ್‌ಗೆ ಹೋಗಬೇಕು ಅಂತ ಆಸೆ. ಅಲ್ಲಿನ ಡ್ರೈವರಣ್ಣ ಒಬ್ಬರು, "ಇಪ್ಪತ್ತು ಟನ್ ಕಲ್ಲು ಅದರ ಭಾರಕ್ಕೇ ಕೂತಿರುತ್ತೆ, ಚೈನು ಸುಮ್ನೆ ತೋರಿಸೋಕೆ" ಅಂದರು. ನಿಜವಾ ಸಾರ್? ಲೋಡು ಕಟ್ಟೋದನ್ನ ಎಲ್ಲಿಂದ ಕಲಿಯಲಿ?

ಉತ್ತರ: ನಿಜ ಅಲ್ಲ. ಈ ಮಾತನ್ನು ನಂಬಿಕೊಂಡು ದಯವಿಟ್ಟು ಗಾಡಿ ಹತ್ತಬೇಡಿ.

ಕಲ್ಲು ಭಾರ ಆದಷ್ಟೂ ಪ್ಲಾಟ್‌ಫಾರ್ಮ್ ಮೇಲೆ ಅದರ ಹಿಡಿತ ಜಾಸ್ತಿ, ಸರಿ. ಆದರೆ ಬ್ರೇಕ್ ಒತ್ತಿದಾಗ ಮುಂದಕ್ಕೆ ನುಗ್ಗುವ ಬಲವೂ ಅದೇ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ 2 ಟನ್ ಕಲ್ಲು ಜಾರುವಂಥ ಬ್ರೇಕಿಗೆ 20 ಟನ್ ಕಲ್ಲೂ ಜಾರುತ್ತದೆ. 20 ಟನ್ ಜಾರಿದರೆ ಕ್ಯಾಬಿನ್ ಉಳಿಯಲ್ಲ, ಅಷ್ಟೇ ವ್ಯತ್ಯಾಸ. ಲೋಡು ತನ್ನ ತೂಕದ ಶೇ 80ರಷ್ಟು ಬಲದಿಂದ ಮುಂದಕ್ಕೆ, ಶೇ 50ರಷ್ಟು ಬಲದಿಂದ ಪಕ್ಕಕ್ಕೆ ಮತ್ತು ಹಿಂದಕ್ಕೆ ನೂಕುತ್ತದೆ ಅಂತ ಲೆಕ್ಕ ಹಿಡಿದು ಕಟ್ಟಬೇಕು. ಯುರೋಪು, ಅಮೆರಿಕದಲ್ಲಿ ನಡೆಯುವುದು ಇದೇ ಲೆಕ್ಕ. ನಿಮ್ಮ ಕಲ್ಲಿಗೆ ಅದು ಮುಂದಕ್ಕೆ 16 ಟನ್ ಆಗುತ್ತದೆ. ಯೋಚನೆ ಮಾಡಿ.

ಚೈನಿಗಿಂತ ಮೊದಲು ನೆಲ ನೋಡಿ. ಕ್ವಾರಿಯಿಂದ ಬಂದ ಟ್ರೈಲರ್ ಮೇಲೆ ಕಲ್ಲಿನ ಪುಡಿ ಇರುತ್ತದೆ. ಮಳೆ ಬಿದ್ದರೆ ಅದೇ ಕೆಸರಾಗಿ ಜಾರುತ್ತದೆ. ಪೊರಕೆ ತಗೊಂಡು ಪೂರ್ತಿ ಗುಡಿಸಿ. ಆಮೇಲೆ ಕಲ್ಲಿನ ಕೆಳಗೆ ರಬ್ಬರ್ ಹಾಸಿ. ಜಲ್ಲಿ ಕ್ರಷರ್‌ಗಳಲ್ಲಿ ಸವೆದು ಬಿಟ್ಟ ಕನ್ವೇಯರ್ ಬೆಲ್ಟಿನ ತುಂಡು ಸಾಕು. ಬರಿ ಕಬ್ಬಿಣದ ಮೇಲೆ ಇಡುವುದಕ್ಕಿಂತ ಹಿಡಿತ ಎಷ್ಟೋ ಪಾಲು ಹೆಚ್ಚುತ್ತದೆ. ಇಷ್ಟು ಅಗ್ಗದ ಉಪಾಯವನ್ನು ಎಷ್ಟೋ ಜನ ಮಾಡಲ್ಲ ಅನ್ನೋದೇ ನನಗೆ ಬೇಜಾರು. ಕಲ್ಲಿನ ಮುಂದೆ ಪ್ಲಾಟ್‌ಫಾರ್ಮ್‌ಗೇ ಬೆಸುಗೆ ಹಾಕಿದ ಗಟ್ಟಿ ತಡೆಯೂ ಇರಬೇಕು.

ಇನ್ನು ಚೈನು. ಅದರ ಮೇಲೆ ಗ್ರೇಡ್ (ಅಂದರೆ ಉಕ್ಕಿನ ಬಲದ ದರ್ಜೆ), ಅದು ಹೊರುವ ಭಾರ ಬರೆದಿರಬೇಕು. ಗುರುತಿಲ್ಲದ ಚೈನು ಎಷ್ಟೇ ದಪ್ಪ ಇದ್ದರೂ ಲೆಕ್ಕಕ್ಕಿಲ್ಲ. ಗ್ರೇಡ್ 70ರ 10 ಮಿ.ಮೀ. ಚೈನು ಸುಮಾರು 3 ಟನ್ ತಾಳುತ್ತದೆ. ಕಟ್ಟಿದ್ದೆಲ್ಲದರ ಒಟ್ಟು ಸಾಮರ್ಥ್ಯ ಲೋಡಿನ ಅರ್ಧ ತೂಕಕ್ಕಾದರೂ ಸಮ ಇರಬೇಕು ಅನ್ನುತ್ತದೆ ಅಮೆರಿಕದ ನಿಯಮ. ಅಂದರೆ 20 ಟನ್ ಕಲ್ಲಿಗೆ ಕಡಿಮೆ ಅಂದರೂ ನಾಲ್ಕು ಚೈನು. ನಾನಾದರೆ ಇನ್ನೆರಡು ಹಾಕಿಸುತ್ತೇನೆ.

ಕಲ್ಲಿನ ಮೇಲಿಂದ ಹಾಯಿಸಿ ಬಿಗಿಯುವ ಚೈನು ಆದಷ್ಟು ನೆಟ್ಟಗೆ ಇಳಿಯಬೇಕು. ಚೈನಿಗೂ ಪ್ಲಾಟ್‌ಫಾರ್ಮ್‌ಗೂ ನಡುವಿನ ಕೋನ 30 ಡಿಗ್ರಿಗೆ ಇಳಿದರೆ, ಬಿಗಿದ ಬಲದಲ್ಲಿ ಅರ್ಧ ಮಾತ್ರ ಕಲ್ಲನ್ನು ಕೆಳಕ್ಕೆ ಒತ್ತುತ್ತದೆ. ಕಲ್ಲಿನ ಅಂಚಿಗೆ ಹಳೇ ಟೈರಿನ ತುಂಡು ಕೊಡಿ. ಚೈನಿನ ಬದಲು ಬಟ್ಟೆಯ ಬೆಲ್ಟ್ ಕಟ್ಟಿದರಂತೂ ಅಂಚಿಗೆ ಉಜ್ಜಿ ಉಜ್ಜಿ ಹರಿದೇ ಹೋಗುತ್ತದೆ. ಬಿಗಿಯುವ ಲಿವರ್‌ಗೆ ಉದ್ದ ಪೈಪ್ ಸಿಕ್ಕಿಸಿ ಎಳೆಯಬೇಡಿ. ಕೈ ಜಾರಿದರೆ ವಾಪಸ್ ಬಂದು ದವಡೆಗೇ ಹೊಡೆಯುತ್ತದೆ. ರ‍್ಯಾಚೆಟ್ (ಹಿಂದಕ್ಕೆ ತಿರುಗದ ಹಲ್ಲುಚಕ್ರ) ಇರುವುದನ್ನೇ ಕೇಳಿ ತಗೊಳ್ಳಿ.

ಎಷ್ಟು ಬಿಗಿದರೂ ಹೊರಟ ಸ್ವಲ್ಪ ಹೊತ್ತಿಗೆ ಲೋಡು ಕೂರುತ್ತದೆ, ಚೈನು ಸಡಿಲ ಆಗುತ್ತದೆ. ಅಮೆರಿಕದಲ್ಲಿ ಮೊದಲ 80 ಕಿ.ಮೀ. ಒಳಗೆ ನಿಲ್ಲಿಸಿ ನೋಡಲೇಬೇಕು. ನಮ್ಮ ಹಂಪುಗಳಿಗೆ ಅಷ್ಟು ಕಾಯಬೇಡಿ. ಕೃಷ್ಣಗಿರಿ ದಾಟಿ ಹೆದ್ದಾರಿ ಹಿಡಿದ ಮೇಲೆ ಸುರಕ್ಷಿತ ಜಾಗದಲ್ಲಿ ಒಮ್ಮೆ ನಿಲ್ಲಿಸಿ. ಪ್ರತಿ ಚೈನನ್ನೂ ಸಲಾಕೆಯಿಂದ ತಟ್ಟಿ. ಬಿಗಿ ಇದ್ದದ್ದು ಠಣ್ ಅನ್ನುತ್ತದೆ, ಸಡಿಲ ಇದ್ದದ್ದು ಮಂಕಾಗಿ ಸದ್ದು ಮಾಡುತ್ತದೆ. ಮುಂದೆ ಸೇಲಂ ಕಡೆ ಲೋಡು ಸಿಕ್ಕರೆ ತೊಪ್ಪೂರು ಘಾಟಿ ಇಳಿಯುವ ಮುಂಚೆ ಇನ್ನೊಮ್ಮೆ ನೋಡಲೇಬೇಕು. ಅಲ್ಲಿ ಆಗಿರುವ ಅಪಘಾತಗಳು ನಿಮಗೂ ಗೊತ್ತಿರುತ್ತವೆ.

ಲೈಸೆನ್ಸ್ ವಿಷಯ ಸುಲಭ. ಎಲ್‌ಎಂವಿ (ಲಘು ವಾಹನದ ಲೈಸೆನ್ಸ್) ಸಿಕ್ಕಿ ಒಂದು ವರ್ಷ ಆಗಿದ್ದು, 20 ತುಂಬಿದ್ದರೆ ಹೆವಿಗೆ ಅರ್ಜಿ ಹಾಕಬಹುದು. ನಾಮಕ್ಕಲ್‌ನಲ್ಲಿ ಅಶೋಕ್ ಲೇಲ್ಯಾಂಡ್ ಕಂಪನಿಯ ಚಾಲಕ ತರಬೇತಿ ಕೇಂದ್ರ ಇದೆ, ವಿಚಾರಿಸಿ. ತೂಕದಲ್ಲಿ ಮಾತ್ರ ರಾಜಿ ಬೇಡ. ಮಿತಿ ಮೀರಿದರೆ 20,000 ರೂಪಾಯಿ ದಂಡ, ಜೊತೆಗೆ ಹೆಚ್ಚಾದ ಪ್ರತಿ ಟನ್ನಿಗೆ 2,000.

ಕಟ್ಟೋದನ್ನು ಓದಿ ಕಲಿಯೋಕಾಗಲ್ಲ. ಕೆಲಸಕ್ಕೆ ಸೇರುವ ಮುಂಚೆ ಓನರ್ ಹತ್ತಿರ ಟೂಲ್ ಬಾಕ್ಸ್ ತೆಗೆಸಿ ನೋಡಿ. ಒಳಗೆ ಗುರುತಿರುವ ಚೈನು, ರ‍್ಯಾಚೆಟ್, ರಬ್ಬರ್ ತುಂಡು ಇದ್ದರೆ ಅಲ್ಲಿ ಕಟ್ಟಲು ಬರುವವರು ಯಾರೋ ಇದ್ದಾರೆ. ಅವರ ಜೊತೆ ಎರಡನೇ ಡ್ರೈವರ್ ಆಗಿ ಕೆಲವು ತಿಂಗಳು ಹೋಗಿ. ಸಂಬಳ ಮೊದಮೊದಲು ಕಮ್ಮಿ ಬಂದರೂ ಒಪ್ಪಿಕೊಳ್ಳಿ. ತುಕ್ಕು ಹಿಡಿದ ಎರಡು ಚೈನು, ನೈಲಾನ್ ಹಗ್ಗ ಮಾತ್ರ ಕಂಡರೆ ಬೇರೆ ಓನರನ್ನು ಹುಡುಕಿ.