ಶೇಂಗಾ ಹೊಲ ಲೇಖನದೊಳಗೆ ಬರಲಿ

ನಮಸ್ಕಾರ.

'ಡಯಾಟಂ ಮತ್ತು ಸಸ್ಯಗಳಲ್ಲಿ ಪರಿಸರ ಒತ್ತಡಕ್ಕೆ ಅಣುಮಟ್ಟದ ಪ್ರತಿಕ್ರಿಯೆಗಳು' ಎಂಬ ನಿಮ್ಮ ಲೇಖನವನ್ನು, ಅಂದರೆ ನೀರಿನಲ್ಲಿ ಬದುಕುವ ಒಂದೇ ಕೋಶದ ಪಾಚಿ ಡಯಾಟಂ ಮತ್ತು ನೆಲದ ಗಿಡಗಳು ಕಷ್ಟಕಾಲವನ್ನು ಎದುರಿಸುವ ಬಗೆ ಹೇಳುವ ಬರಹವನ್ನು, ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಬೇಸರ ಮಾಡಿಕೊಳ್ಳದೆ ಮುಂದೆ ಓದಿ. ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಲೇಖನ ಇದೆ ಅನ್ನಿಸಿದ್ದರಿಂದಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ತೊಂದರೆ ಎಲ್ಲಿದೆ ಹೇಳುತ್ತೇನೆ. ಉಪ್ಪು, ಬಿಸಿಲು, ಬರ, ಸಾರಜನಕದ ಕೊರತೆ, ಕಬ್ಬಿಣದ ಕೊರತೆ, ವಿಷಲೋಹ ಎಲ್ಲವನ್ನೂ ಏಳು ಪುಟದಲ್ಲಿ ತುಂಬಿದ್ದೀರಿ. ಒಂದೊಂದಕ್ಕೂ ಒಂದು ಪ್ಯಾರಾ, ಪ್ರತಿ ಪ್ಯಾರಾದಲ್ಲೂ ನಾಲ್ಕೈದು ಜೀನ್‌ಗಳ ಹೆಸರು. ಓದಿ ಮುಗಿಸಿದವರ ತಲೆಯಲ್ಲಿ ಹೆಸರುಗಳು ಉಳಿಯುತ್ತವೆ. ಜೀವಕೋಶದೊಳಗೆ ಏನು ನಡೆಯಿತು ಅನ್ನುವುದು ಉಳಿಯುವುದಿಲ್ಲ.

ಮೂರನೇ ಪುಟದ ಈ ವಾಕ್ಯವನ್ನು ಜೋರಾಗಿ ಓದಿ ನೋಡಿ: 'ಕಬ್ಬಿಣದ ಒತ್ತಡದಲ್ಲಿ ಫ್ಲೇವೊಡಾಕ್ಸಿನ್ ಜೀನ್‌ನ ಅಭಿವ್ಯಕ್ತಿಯು ಮೇಲ್ಮುಖವಾಗಿ ನಿಯಂತ್ರಿಸಲ್ಪಡುತ್ತದೆ.' ಮನೆಯಲ್ಲಿ ಯಾರಿಗಾದರೂ ಹೀಗೆ ಹೇಳುತ್ತೀರಾ? 'ಕಬ್ಬಿಣ ಸಾಲದಾದಾಗ ಡಯಾಟಂ ಫ್ಲೇವೊಡಾಕ್ಸಿನ್ ಎಂಬ ಪ್ರೋಟೀನನ್ನು ಜಾಸ್ತಿ ಮಾಡಿಕೊಳ್ಳುತ್ತದೆ' ಅಂದರೆ ಸಾಕು. ವಿಜ್ಞಾನ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಜೀನ್, ಪ್ರೋಟೀನ್ ಎಂಬ ಪದಗಳು ನಮ್ಮ ಓದುಗರಿಗೆ ಗೊತ್ತು. ಅವಕ್ಕೆ ಹೊಸ ಸಂಸ್ಕೃತ ಪದ ಹುಡುಕುತ್ತಾ ಕೂರಬೇಡಿ.

ಈಗ ನಿಮ್ಮ ಪತ್ರದ ವಿಷಯ. ಲೇಖನದ ಜೊತೆ ಕಳಿಸಿದ ಪತ್ರದಲ್ಲಿ ಹೀಗೆ ಬರೆದಿದ್ದೀರಿ: 'ಗದಗದ ಹತ್ತಿರ ನಮ್ಮದು ಎರೆ ಹೊಲ. ಒಂದು ವರ್ಷ ಶೇಂಗಾದ ಎಳೆ ಎಲೆಗಳೆಲ್ಲ ಹಳದಿಯಾದವು, ನರಗಳು ಮಾತ್ರ ಹಸಿರು. ನೆಲದಲ್ಲಿ ಕಬ್ಬಿಣ ಇದೆ, ಆದರೆ ಗಿಡಕ್ಕೆ ಸಿಗುತ್ತಿಲ್ಲ ಅಂದರು. ಅಪ್ಪ ಕಬ್ಬಿಣದ ಸಲ್ಫೇಟ್ ಸಿಂಪಡಿಸಿದರು. ಅಲ್ಲಿಂದಲೇ ನನಗೆ ಈ ವಿಷಯದ ಹುಚ್ಚು ಹಿಡಿಯಿತು.' ಇಡೀ ಲೇಖನದಲ್ಲಿ ಇಷ್ಟು ಚೆನ್ನಾದ ನಾಲ್ಕು ಸಾಲು ಇಲ್ಲ. ಅದನ್ನು ಯಾಕೆ ಹೊರಗೇ ಬಿಟ್ಟಿರಿ? 'ನೆಲದಲ್ಲಿ ಇದೆ, ಗಿಡಕ್ಕೆ ಸಿಗುತ್ತಿಲ್ಲ' ಅನ್ನುವ ಮಾತಿನಲ್ಲೇ ನಿಮ್ಮ ಲೇಖನ ಅಡಗಿದೆ. ಉಳಿದ ಒತ್ತಡಗಳನ್ನೆಲ್ಲ ಬಿಡಿ. ಕಬ್ಬಿಣದ ಹಸಿವೊಂದನ್ನೇ ಹಿಡಿದು ಹೊಲದಿಂದ ಸಮುದ್ರದವರೆಗೆ ಹೋಗಿ.

ಹೊಲದಲ್ಲಿ ಏನಾಗುತ್ತದೆ ಅಂತ ನೀವು ಎರಡೇ ವಾಕ್ಯದಲ್ಲಿ ಮುಗಿಸಿದ್ದೀರಿ. ಅಲ್ಲಿ ನಿಲ್ಲಬೇಕಿತ್ತು. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನಂಥ ರೂಪದಲ್ಲಿ ಗಟ್ಟಿಯಾಗಿ ಕೂತಿರುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಶೇಂಗಾದ ಬೇರು ಸುಮ್ನೆ ಕೂರುವುದಿಲ್ಲ. ಮೊದಲು ಸುತ್ತಲಿನ ಮಣ್ಣಿಗೆ ಆಮ್ಲ ಬಿಡುತ್ತದೆ. ಆಮೇಲೆ ಬೇರಿನ ಮೇಲಿರುವ ಒಂದು ಕಿಣ್ವ ಕಬ್ಬಿಣಕ್ಕೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಒಳಗೆ ಬರಬಲ್ಲ ರೂಪಕ್ಕೆ ತರುತ್ತದೆ. ಕೊನೆಗೆ ಒಂದು ಸಾಗಣೆ ಪ್ರೋಟೀನ್ ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ಕಬ್ಬಿಣ ಕಡಿಮೆಯಾದಷ್ಟೂ ಈ ಮೂರೂ ಕೆಲಸದ ಜೀನ್‌ಗಳು ಹೆಚ್ಚು ದುಡಿಯುತ್ತವೆ. ಆದರೆ ಸುಣ್ಣದ ಮಣ್ಣಿನಲ್ಲಿ ಬೈಕಾರ್ಬೊನೇಟ್ ತುಂಬಿರುತ್ತದೆ. ಬೇರು ಬಿಟ್ಟ ಆಮ್ಲವನ್ನೆಲ್ಲ ಅದು ತಿಂದುಹಾಕುತ್ತದೆ. ಗಿಡ ಎಷ್ಟು ದುಡಿದರೂ ಮೊದಲನೇ ಮೆಟ್ಟಿಲಲ್ಲೇ ಸೋಲು. ಹಳೆ ಎಲೆಯಲ್ಲಿರುವ ಕಬ್ಬಿಣ ಎಳೆ ಎಲೆಗೆ ಸುಲಭವಾಗಿ ಹೋಗುವುದಿಲ್ಲ, ಅದಕ್ಕೇ ಹಳದಿ ಮೊದಲು ಚಿಗುರಿನಲ್ಲಿ ಕಾಣುತ್ತದೆ. ನಿಮ್ಮ ಅಪ್ಪ ಬೇರಿನ ದಾರಿ ಬಿಟ್ಟು ಎಲೆಗೇ ಕಬ್ಬಿಣ ಕೊಟ್ಟಿದ್ದು ಇದೇ ಕಾರಣಕ್ಕೆ. ಇದನ್ನು ಓದಿದ ರೈತನಿಗೆ ತಾನು ಸಿಂಪಡಿಸುವುದು ಏನು, ಯಾಕೆ ಅಂತ ಅರ್ಥವಾಗುತ್ತದೆ, ಅಲ್ವಾ?

ಹುಲ್ಲಿನ ಜಾತಿಯ ಬೆಳೆಗಳ ದಾರಿ ಬೇರೆ. ಬಾರ್ಲಿ, ಗೋಧಿ, ಮೆಕ್ಕೆಜೋಳ ಇವೆಲ್ಲ ಕಬ್ಬಿಣವನ್ನು ಹಿಡಿದು ತರುವ ಅಣುಗಳನ್ನೇ ಬೇರಿನಿಂದ ಹೊರಗೆ ಬಿಡುತ್ತವೆ. ಚೀನಾದ ಸುಣ್ಣದ ಮಣ್ಣಿನಲ್ಲಿ ಶೇಂಗಾದ ಪಕ್ಕದಲ್ಲೇ ಮೆಕ್ಕೆಜೋಳ ಬೆಳೆದಾಗ ಶೇಂಗಾದ ಹಳದಿ ಕಡಿಮೆಯಾದದ್ದನ್ನು ವಿಜ್ಞಾನಿಗಳು 2000ರಲ್ಲಿ ವರದಿ ಮಾಡಿದ್ದಾರೆ. ಎರೆ ಹೊಲದ ಮಗ ಇದನ್ನು ಬಿಡಬಾರದು.

ಅಲ್ಲಿಂದ ಸಮುದ್ರಕ್ಕೆ ಬನ್ನಿ. ದಕ್ಷಿಣ ಮಹಾಸಾಗರದ ಮೇಲ್ಮೈ ನೀರಿನಲ್ಲಿ ಸಾರಜನಕಕ್ಕೆ ಬರ ಇಲ್ಲ, ಕಬ್ಬಿಣಕ್ಕೆ ಇದೆ. ಒಂದು ಲೀಟರ್ ನೀರಿನಲ್ಲಿ ಎಷ್ಟೋ ಕಡೆ ಗ್ರಾಂನ ನೂರು ಕೋಟಿಯಲ್ಲಿ ಐದಾರು ಪಾಲಿನಷ್ಟೇ ಕರಗಿದ ಕಬ್ಬಿಣ. ಆದರೆ ಬೆಳಕಿನಿಂದ ಆಹಾರ ಮಾಡುವ ಯಂತ್ರಕ್ಕೆ ಕಬ್ಬಿಣ ತುಂಬಾ ಬೇಕು. ಫೋಟೋಸಿಸ್ಟಮ್ 1 ಎಂಬ ಒಂದು ಭಾಗದಲ್ಲೇ 12 ಕಬ್ಬಿಣದ ಪರಮಾಣುಗಳಿವೆ. ಹಾಗಾದರೆ ಡಯಾಟಂ ಬದುಕುವುದು ಹೇಗೆ? ಬಿಡಿಭಾಗ ಬದಲಿಸಿಕೊಂಡು. ಎಲೆಕ್ಟ್ರಾನ್ ಸಾಗಿಸುವ ಫೆರೆಡಾಕ್ಸಿನ್‌ನಲ್ಲಿ ಕಬ್ಬಿಣ ಇದೆ. ಅದರ ಜಾಗದಲ್ಲಿ ಕಬ್ಬಿಣವೇ ಬೇಡದ ಫ್ಲೇವೊಡಾಕ್ಸಿನ್ ಬರುತ್ತದೆ. ತೆರೆದ ಸಮುದ್ರದ ಥಲಾಸಿಯೊಸೈರಾ ಓಶಿಯಾನಿಕಾ ಎಂಬ ಡಯಾಟಂ ಇನ್ನೂ ಮುಂದೆ ಹೋಗಿದೆ. ಎಲೆಕ್ಟ್ರಾನ್ ಸಾಗಿಸುವ, ಕಬ್ಬಿಣ ಇರುವ ಸೈಟೊಕ್ರೋಮ್ ಎಂಬ ಒಂದು ಪ್ರೋಟೀನ್ ಬದಲಿಗೆ ಅದು ತಾಮ್ರದ ಪ್ಲಾಸ್ಟೊಸಯಾನಿನ್ ಬಳಸುತ್ತದೆ ಎಂದು 2006ರಲ್ಲಿ ಗೊತ್ತಾಯಿತು. ಫೋಟೋಸಿಸ್ಟಮ್ 1ನ್ನು ಕರಾವಳಿಯ ಸಂಬಂಧಿಗಿಂತ ಬಹಳ ಕಡಿಮೆ ಇಟ್ಟುಕೊಂಡಿದೆ. ಅದಕ್ಕೆ ಬೆಲೆಯೂ ಇದೆ: ಬೆಳಕು ಬೇಗ ಬೇಗ ಏರಿಳಿಯುವ ಕಡೆ ಅದಕ್ಕೆ ಹೊಂದಿಕೊಳ್ಳುವುದು ಕಷ್ಟ. ಇಂಥ ಬೆಲೆಯನ್ನು ನೀವು ಎಲ್ಲೂ ಹೇಳಿಲ್ಲ. ಗೆದ್ದ ಕಥೆಗಳನ್ನಷ್ಟೇ ಹೇಳಿದ್ದೀರಿ.

ಇಲ್ಲಿ ನನಗೆ ರೋಮಾಂಚನವಾದ ಒಂದು ಸಂಗತಿ ಹೇಳಲೇಬೇಕು. ಡಯಾಟಂ ನೀರಿನಿಂದ ಕಬ್ಬಿಣ ಹಿಡಿಯಲು ಬಳಸುವ ಫೈಟೊಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಬಗ್ಗೆ ನೀವು ಅರ್ಧ ಸಾಲು ಬರೆದು ಮುಂದೆ ಹೋಗಿದ್ದೀರಿ. ನಮ್ಮ ರಕ್ತದಲ್ಲಿ ಕಬ್ಬಿಣ ಹೊರುವ ಟ್ರಾನ್ಸ್‌ಫೆರಿನ್‌ನಂತೆ ಇದಕ್ಕೂ ಕಬ್ಬಿಣ ಹಿಡಿಯಲು ಕಾರ್ಬೊನೇಟ್ ಜೊತೆಗಿರಬೇಕು. ಗಾಳಿಯ ಇಂಗಾಲದ ಡೈಆಕ್ಸೈಡ್ ಸಮುದ್ರಕ್ಕೆ ಸೇರಿದಂತೆಲ್ಲ ನೀರು ಆಮ್ಲದ ಕಡೆ ವಾಲುತ್ತದೆ, ಕಾರ್ಬೊನೇಟ್ ಕಡಿಮೆಯಾಗುತ್ತದೆ. ಆಗ ಡಯಾಟಂಗೆ ಕಬ್ಬಿಣ ಹಿಡಿಯುವುದು ಇನ್ನೂ ಕಷ್ಟ ಎಂದು 2018ರ ಒಂದು ಸಂಶೋಧನೆ ತೋರಿಸಿತು. ಈಗ ನಿಮ್ಮ ಹೊಲ ನೆನಪಿಸಿಕೊಳ್ಳಿ. ಅಲ್ಲಿ ಬೈಕಾರ್ಬೊನೇಟ್ ಹೆಚ್ಚಾಗಿ ಶೇಂಗಾಗೆ ಕಬ್ಬಿಣ ಸಿಗಲಿಲ್ಲ. ಇಲ್ಲಿ ಕಾರ್ಬೊನೇಟ್ ಕಡಿಮೆಯಾಗಿ ಡಯಾಟಂಗೆ ಸಿಗುತ್ತಿಲ್ಲ. ಹೊಲ, ಸಮುದ್ರ ಎರಡನ್ನೂ ಒಟ್ಟಿಗೆ ಇಟ್ಟು ನೋಡಲು ನಿಮಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು. ಡಯಾಟಂ ಮತ್ತು ಸಸ್ಯಗಳನ್ನು ಒಂದೇ ಲೇಖನದಲ್ಲಿ ಯಾಕೆ ತಂದಿರಿ ಎಂಬ ಪ್ರಶ್ನೆಗೆ ನಿಮ್ಮ ಈಗಿನ ಬರಹದಲ್ಲಿ ಉತ್ತರ ಇಲ್ಲ. ಇದರಲ್ಲಿ ಇದೆ.

ತಪ್ಪುಗಳು ಮೂರು ಇವೆ, ನೇರವಾಗಿ ಹೇಳುತ್ತೇನೆ. 'ಡಯಾಟಂ ಎಂಬ ಸೂಕ್ಷ್ಮ ಸಸ್ಯ' ಎಂದು ಬರೆದಿದ್ದೀರಿ. ಡಯಾಟಂ ಸಸ್ಯಗಳ ವಂಶಕ್ಕೆ ಸೇರಿದ್ದಲ್ಲ. ಬಹಳ ಹಿಂದೆ ಬೇರೊಂದು ಜೀವಕೋಶ ಕೆಂಪು ಪಾಚಿಯನ್ನು ಒಳಗೆ ಸೇರಿಸಿಕೊಂಡು ಹುಟ್ಟಿದ ವಂಶ ಅದು. ಸುತ್ತಲೂ ಗಾಜಿನಂಥ ಸಿಲಿಕಾ ಚಿಪ್ಪು.

ಎರಡನೆಯದು, 'ಸಾಗರಕ್ಕೆ ಕಬ್ಬಿಣ ಸುರಿದರೆ ಹವಾಮಾನದ ಸಮಸ್ಯೆ ಬಗೆಹರಿಯುತ್ತದೆ' ಎಂಬ ಸಾಲು. ಜಾನ್ ಮಾರ್ಟಿನ್ ಎಂಬ ವಿಜ್ಞಾನಿ 1980ರ ದಶಕದ ಕೊನೆಯಲ್ಲಿ, ಕಬ್ಬಿಣ ಸಿಕ್ಕರೆ ಸಮುದ್ರದ ಪಾಚಿಗಳು ಬೆಳೆದು ಗಾಳಿಯ ಇಂಗಾಲವನ್ನು ಹೀರಿ ಆಳಕ್ಕೆ ಒಯ್ಯುತ್ತವೆ ಎಂಬ ವಿಚಾರ ಮುಂದಿಟ್ಟದ್ದು ನಿಜ. 1993ರಲ್ಲಿ ಮೊದಲ ಪ್ರಯೋಗ ನಡೆಯುವ ಕೆಲವೇ ತಿಂಗಳ ಮೊದಲು ಅವರು ತೀರಿಕೊಂಡರು. ಆದರೆ 2009ರಲ್ಲಿ ನಮ್ಮ ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು ಜರ್ಮನಿಯವರ ಜೊತೆ ಪೋಲಾರ್‌ಸ್ಟರ್ನ್ ಹಡಗಿನಲ್ಲಿ ಹೋಗಿ ಲೋಹಾಫೆಕ್ಸ್ ಪ್ರಯೋಗ ಮಾಡಿದರು. ಅಲ್ಲಿ ಕಬ್ಬಿಣ ಹಾಕಿದರೂ ಡಯಾಟಂ ಹೆಚ್ಚಲಿಲ್ಲ. ಚಿಪ್ಪು ಕಟ್ಟಲು ಆ ನೀರಿನಲ್ಲಿ ಸಿಲಿಕಾ ಸಾಲದಾಗಿತ್ತು. ಬೇರೆ ಸಣ್ಣ ಪಾಚಿಗಳು ಬೆಳೆದವು, ಪುಟ್ಟ ಪ್ರಾಣಿಗಳು ಅವನ್ನು ಮೇಯ್ದವು, ಆಳಕ್ಕೆ ಇಳಿದ ಇಂಗಾಲ ಬಹಳ ಕಡಿಮೆ. ಕನ್ನಡದ ಓದುಗರಿಗೆ ಇದು ಹತ್ತಿರದ ಕಥೆ, ಇದನ್ನು ಸೇರಿಸಿ.

ಮೂರನೆಯದು ಕೊನೆಯ ಪ್ಯಾರಾ. ಸಸ್ಯಗಳು ನೆಲಕ್ಕೆ ಬಂದ ದಾರಿಯಲ್ಲಿ ಎಲ್ಲೋ ಫ್ಲೇವೊಡಾಕ್ಸಿನ್ ಕಳೆದುಕೊಂಡವು. ಅರ್ಜೆಂಟೀನಾದ ವಿಜ್ಞಾನಿಗಳು ಅದನ್ನು ನೀಲಿ-ಹಸಿರು ಬ್ಯಾಕ್ಟೀರಿಯಾದಿಂದ ತಂದು ತಂಬಾಕಿನ ಗಿಡಕ್ಕೆ ಸೇರಿಸಿದರು. ಆ ಗಿಡ ಕಬ್ಬಿಣದ ಕೊರತೆಯನ್ನು ಚೆನ್ನಾಗಿ ತಾಳಿಕೊಂಡಿತು, 2007ರಲ್ಲಿ ಅದು ಪ್ರಕಟವಾಯಿತು. ಇಷ್ಟನ್ನು ಸರಿಯಾಗಿ ಬರೆದು, 'ಇನ್ನು ರೈತರಿಗೆ ಈ ಚಿಂತೆ ಇಲ್ಲ' ಎಂದು ಮುಗಿಸಿದ್ದೀರಿ. ಪ್ರಯೋಗಾಲಯದ ತಂಬಾಕಿಗೂ ಗದಗದ ಶೇಂಗಾಗೂ ಬಹಳ ದೂರ ಇದೆ. ನಿಮ್ಮ ಅಪ್ಪನಿಗೆ ಈ ಸಾಲು ಓದಿ ಹೇಳಲು ನಿಮಗೆ ಧೈರ್ಯ ಬರುತ್ತದಾ? ಬರದಿದ್ದರೆ ತೆಗೆಯಿರಿ.

ಸಾವಿರದ ಇನ್ನೂರು ಪದದೊಳಗೆ ಮತ್ತೆ ಬರೆದು ಕಳಿಸಿ. ಜೀನ್‌ಗಳ ಹೆಸರು ಮೂರಕ್ಕಿಂತ ಹೆಚ್ಚು ಬೇಡ. ಬರೆಯುವ ಮೊದಲು ಒಂದು ಸಲ ಊರಿಗೆ ಹೋಗಿ ಬನ್ನಿ, ಅಥವಾ ಫೋನಾದರೂ ಮಾಡಿ. ಆ ವರ್ಷ ಅಪ್ಪ ಎಷ್ಟು ಸಲ ಸಿಂಪಡಿಸಿದರು, ಎಲೆ ಎಷ್ಟು ದಿನಕ್ಕೆ ಹಸಿರಾಯಿತು, ಹೊಲದ ಯಾವ ಮೂಲೆಯಲ್ಲಿ ಹಳದಿ ಜಾಸ್ತಿ ಇತ್ತು, ಎಲ್ಲ ಕೇಳಿ ಬರೆದುಕೊಳ್ಳಿ. ಮೊದಲ ಪ್ಯಾರಾ ಅದೇ ಆಗಲಿ.

ಕಾಯುತ್ತಿರುತ್ತೇನೆ.

ಸಂಪಾದಕ